ಇಲಿಯಮ್ಮನ ನಡುಕ, ಗೂಬೆಯ ಕಣ್ಣಿನ ಬೆಳಕು: ಓದುಗರ ಪ್ರಶ್ನೆ, ನಮ್ಮ ಉತ್ತರ

1982ರಲ್ಲಿ ತೆರೆಕಂಡ ಅಮೆರಿಕದ ಅನಿಮೇಷನ್ ಚಿತ್ರ ‘ದ ಸೀಕ್ರೆಟ್ ಆಫ್ ನಿಮ್ಹ್’ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣ. ನೋಡದವರಿಗಾಗಿ ಕಥೆ ಇಷ್ಟು: ಗಂಡನನ್ನು ಕಳೆದುಕೊಂಡ ಹೊಲದಿಲಿ ಬ್ರಿಸ್ಬಿ, ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಹೊಲದ ನಡುವೆ ಬಿದ್ದಿರುವ ಸಿಮೆಂಟ್ ಬ್ಲಾಕಿನಲ್ಲಿ ಸಂಸಾರ ಮಾಡುತ್ತಿದ್ದಾಳೆ. ರೈತ ಉಳುಮೆ ಶುರು ಮಾಡುವ ಮೊದಲು ಮನೆ ಬಿಡಬೇಕು. ಆದರೆ ಮಗ ತಿಮೋತಿಗೆ ನ್ಯುಮೋನಿಯಾ. ಹೊರಗಿನ ಚಳಿಗೆ ಒಯ್ದರೆ ಉಳಿಯುವುದಿಲ್ಲ. ಪ್ರಯೋಗಾಲಯದಿಂದ ತಪ್ಪಿಸಿಕೊಂಡು ಬಂದು ಗುಲಾಬಿ ಪೊದೆಯ ಬುಡದಲ್ಲಿ ನೆಲೆಸಿರುವ ಬುದ್ಧಿವಂತ ದೊಡ್ಡಿಲಿಗಳ ನೆರವು ಕೇಳುವುದೊಂದೇ ಆಕೆಗೆ ಉಳಿದ ದಾರಿ.

ನಲವತ್ತು ವರ್ಷ ದಾಟಿದರೂ ಈ ಚಿತ್ರವನ್ನು ಜನ ಇಷ್ಟು ಹಚ್ಚಿಕೊಂಡಿರುವುದು ಯಾಕೆ? ಹಾಡು, ನಗೆ ಎರಡೂ ಕಡಿಮೆ, ಬಣ್ಣವೂ ಮಬ್ಬು. – ಮೈಸೂರಿನ ಓದುಗರು

ನಾಯಕಿಗೆ ಹೆದರಿಕೆಯಾಗುತ್ತದೆ, ಚಿತ್ರ ಅದನ್ನು ಎಲ್ಲೂ ಮುಚ್ಚಿಡುವುದಿಲ್ಲ. ನಮ್ಮ ಮಟ್ಟಿಗೆ ಮುಖ್ಯ ಕಾರಣ ಇದೇ.

ಟ್ರ್ಯಾಕ್ಟರ್ ದೃಶ್ಯವನ್ನೇ ಇನ್ನೊಮ್ಮೆ ನೋಡಿ. ನೇಗಿಲು ಮನೆಯ ಕಡೆಗೆ ಬರುತ್ತಿದೆ, ಮಗ ಒಳಗೆ ಮಲಗಿದ್ದಾನೆ. ಬ್ರಿಸ್ಬಿಯೂ ನೆರೆಮನೆಯ ಜಗಳಗಂಟಿ ಮೂಗಿಲಿ ಆಂಟಿ ಶ್ರೂ ಕೂಡ ಓಡುತ್ತಿರುವ ಯಂತ್ರದ ಅಡಿಗೆ ಹತ್ತುತ್ತಾರೆ. ನಡುದಾರಿಯಲ್ಲಿ ಬ್ರಿಸ್ಬಿಯ ಕೈಕಾಲು ಸೆಟೆದು ನಿಂತುಬಿಡುತ್ತವೆ. ಇಂಧನದ ಪೈಪು ಕಿತ್ತು ಎಂಜಿನ್ ನಿಲ್ಲಿಸುವವಳು ಆಂಟಿ ಶ್ರೂ. ನಾಯಕಿ ಕಬ್ಬಿಣವನ್ನು ತಬ್ಬಿಕೊಂಡು ಅಳುತ್ತಿರುತ್ತಾಳೆ. ಬೇರೆ ಚಿತ್ರವಾಗಿದ್ದರೆ ಆ ಪೈಪನ್ನು ಆಕೆಯ ಕೈಯಿಂದಲೇ ಕೀಳಿಸುತ್ತಿದ್ದರು. ಇಲ್ಲಿ ಆಕೆ ಸೋತದ್ದನ್ನು ನೋಡಿದ ಮೇಲೆ, ಅದೇ ಜೀವ ಸಲಹೆ ಕೇಳಲು ಗೂಬೆಯ ಗೂಡಿಗೆ ಕಾಲಿಡುವಾಗ ನಮ್ಮ ಎದೆ ಹೊಡೆದುಕೊಳ್ಳುತ್ತದೆ.

ಇಲಿ ಅಂದರೆ ಗೂಬೆಗೆ ಊಟ. ಆಕೆ ಒಳಗೆ ಹೋಗುವಾಗ ಕಾಲಡಿಯಲ್ಲಿ ಮೂಳೆಗಳು ಮುರಿಯುತ್ತವೆ. ಬೆನ್ನ ಹಿಂದೆ ಜೇಡವೊಂದು ಹೊಂಚುಹಾಕಿ ಬರುತ್ತದೆ. ಕತ್ತಲಿನಿಂದ ಬಂದ ಗೂಬೆಯ ಕಾಲು ಅದನ್ನು ಅಪ್ಪಚ್ಚಿ ಮಾಡುತ್ತದೆ. ಮೈತುಂಬ ಜೇಡರಬಲೆ ಹೊದ್ದ ಆ ಮುದಿ ಹಕ್ಕಿಯನ್ನು ಕ್ಯಾಮೆರಾ ಇಲಿಯ ಎತ್ತರದಿಂದಲೇ ನೋಡುವುದರಿಂದ ನಾವೂ ಅಷ್ಟೇ ಚಿಕ್ಕವರಾಗುತ್ತೇವೆ. ಎಲಿಜಬೆತ್ ಹಾರ್ಟ್‌ಮನ್ ಬ್ರಿಸ್ಬಿಗೆ ಕೊಟ್ಟ ದನಿಯಲ್ಲಿ ಮಾತು ಆಗಾಗ ಉಸಿರಿನೊಳಗೇ ಸಿಕ್ಕಿಕೊಳ್ಳುತ್ತದೆ. ಆದರೂ ಆಕೆ ಓಡಿಹೋಗುವುದಿಲ್ಲ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ, ತಾಯಿಯೊಬ್ಬಳು ತನ್ನನ್ನು ತಿನ್ನುವವನ ಎದುರೇ ಹೋಗಿ ನಿಲ್ಲುವುದು ಏನೆಂದು ವಿವರಿಸಬೇಕಿಲ್ಲ.

ಇನ್ನೊಂದು ಮಾತು. ‘ಇ.ಟಿ.’ ಚಿತ್ರಮಂದಿರಗಳನ್ನು ತುಂಬಿಸುತ್ತಿದ್ದ ಬೇಸಿಗೆಯಲ್ಲೇ ಇದೂ ಬಂತು. ಆಗ ದೊಡ್ಡ ಸದ್ದು ಮಾಡಲಿಲ್ಲ. ಅಭಿಮಾನಿಗಳು ಹುಟ್ಟಿದ್ದು ಹೆಚ್ಚಾಗಿ ಮನೆಯ ವಿಡಿಯೋ ಕ್ಯಾಸೆಟ್‌ಗಳಿಂದ. ಮತ್ತೆ ಮತ್ತೆ ನೋಡಿದವರಿಗೆ ಹಿನ್ನೆಲೆಯ ಚಿತ್ತಾರದಲ್ಲಿ ಪ್ರತಿ ಸಲವೂ ಹೊಸದೇನಾದರೂ ಸಿಗುತ್ತಿತ್ತು.

ಗೂಬೆಯ ಕಣ್ಣು, ದೊಡ್ಡಿಲಿಗಳ ಮುಖಂಡ ನಿಕೋಡೆಮಸ್‌ನ ಕಣ್ಣು, ಆ ಮಾಯೆಯ ಕೆಂಪು ಹರಳು – ಇವು ನಿಜವಾಗಿ ಉರಿಯುವಂತೆ ಕಾಣುವುದು ಹೇಗೆ? ನಾನು ಟೂ-ಡಿ ಅನಿಮೇಷನ್ ಕಲಿಯುತ್ತಿದ್ದೇನೆ, ಕಂಪ್ಯೂಟರ್‌ನಲ್ಲಿ ಮಾಡಿದರೆ ಬಿಳಿ ಮಸಿ ಬಳಿದ ಹಾಗಾಗುತ್ತದೆ. – ಹುಬ್ಬಳ್ಳಿಯ ವಿದ್ಯಾರ್ಥಿ

ಅದು ಬಣ್ಣವಲ್ಲ, ನಿಜವಾದ ಬೆಳಕು. ನಿರ್ದೇಶಕ ಡಾನ್ ಬ್ಲೂತ್, ಜೊತೆಗಾರರಾದ ಗ್ಯಾರಿ ಗೋಲ್ಡ್‌ಮನ್ ಮತ್ತು ಜಾನ್ ಪೊಮೆರಾಯ್ 1979ರಲ್ಲಿ ಡಿಸ್ನಿ ಬಿಟ್ಟು ಹೊರಬಂದದ್ದೇ ಖರ್ಚಿನ ನೆಪದಲ್ಲಿ ಮೂಲೆಗೆ ಬಿದ್ದಿದ್ದ ಇಂಥ ಕುಸುರಿಗಳನ್ನು ಮತ್ತೆ ಬಳಸಬೇಕೆಂದು. ಆಗಿನ ಕ್ರಮ ಹೀಗೆ: ಮೊದಲು ಪಾರದರ್ಶಕ ಹಾಳೆಯ ಮೇಲೆ ಬರೆದ ಚಿತ್ರವನ್ನು ಮಾಮೂಲಿಯಾಗಿ ಚಿತ್ರೀಕರಿಸುತ್ತಾರೆ. ಆಮೇಲೆ ಫಿಲ್ಮನ್ನು ಅದೇ ಚೌಕಟ್ಟಿಗೆ ಹಿಂದಕ್ಕೆ ಸುತ್ತುತ್ತಾರೆ. ಕಣ್ಣಿನ ಜಾಗ ಮಾತ್ರ ತೆರೆದಿರುವ ಕಪ್ಪು ಹಾಳೆ ಇಟ್ಟು, ಕೆಳಗಿನಿಂದ ಬಣ್ಣದ ಜೆಲ್ (ಬೆಳಕು ಹಾಯುವ ಬಣ್ಣದ ಹಾಳೆ) ಮೂಲಕ ದೀಪ ಹಾಯಿಸಿ, ಲೆನ್ಸ್ ಮುಂದೆ ಮಬ್ಬು ಫಿಲ್ಟರ್ ಹಿಡಿದು ಎರಡನೇ ಸಲ ಬೆಳಕು ತಾಗಿಸುತ್ತಾರೆ. ಕಪ್ಪು ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ತೆರೆಯಲ್ಲಿ ನಕ್ಷತ್ರ ಮೂಡುತ್ತದೆ. ಹಾಳೆ ಕೂದಲೆಳೆ ಸರಿದರೂ ಕಣ್ಣಿನ ಬೆಳಕು ಕೆನ್ನೆಗೆ ಜಾರುತ್ತದೆ.

ಕಂಪ್ಯೂಟರ್‌ನಲ್ಲೂ ಹಾಗೇ ಯೋಚಿಸಿ. ಕಣ್ಣಿನ ಆಕಾರವನ್ನು ರೇಖೆಯ ಲೇಯರ್‌ನಿಂದ ಬೇರೆ ಮಾಡಿ. ಇಲ್ಲದಿದ್ದರೆ ಗೆರೆಯೂ ಮಸುಕಾಗುತ್ತದೆ. ಅದರ ಮೂರು ಪ್ರತಿ ತೆಗೆದುಕೊಳ್ಳಿ. 1920×1080 ಚೌಕಟ್ಟಿಗೆ ಬ್ಲರ್ 4, 20, 60 ಪಿಕ್ಸೆಲ್. ಸಾಂದ್ರತೆ 100, 50, 25 ಶೇಕಡಾದಿಂದ ಶುರು ಮಾಡಿ. ಮೂರನ್ನೂ ‘ಆಡ್’ ಅಥವಾ ‘ಸ್ಕ್ರೀನ್’ ಮೋಡ್‌ಗೆ ಹಾಕಿ. ಒಳಗಿನ ಪ್ರತಿ ತಿಳಿಹಳದಿ, ಹೊರಗಿನದು ಗಾಢ ಕಿತ್ತಳೆ. ಎಲ್ಲವೂ ಬಿಳಿಯಾದರೆ ನೀವು ಹೇಳುವ ಮಸಿಯೇ ಸಿಗುವುದು. ಎರಡು ಚೌಕಟ್ಟಿಗೊಮ್ಮೆ ಸಾಂದ್ರತೆಯನ್ನು 5–8 ಶೇಕಡಾ ಏರಿಳಿಸಿದರೆ ಉಸಿರು ಬರುತ್ತದೆ.

ಆದರೆ ಹೆಚ್ಚಿನವರು ಎಡವುವುದು ಹಿನ್ನೆಲೆಯಲ್ಲಿ. ಸುತ್ತಲೂ ಬೆಳಕಿದ್ದರೆ ಯಾವ ದೀಪವೂ ಉರಿಯುವುದಿಲ್ಲ. ಹಿನ್ನೆಲೆಯ ಹೊಳಪನ್ನು 30 ಶೇಕಡಾ ಒಳಗಿಟ್ಟು, ಹತ್ತಿರದ ರೆಕ್ಕೆಯ ಅಂಚಿಗೆ, ಹುಬ್ಬಿಗೆ ಆ ಕಿತ್ತಳೆಯನ್ನು ಒಂಚೂರು ತಾಗಿಸಿ.

ಬಣ್ಣದ ವಿಷಯಕ್ಕೂ ಇದೇ ಮಾತು. ಬ್ರಿಸ್ಬಿ ಒಬ್ಬಳಿಗೇ ಬೆಳಕಿನ ಸಂದರ್ಭಕ್ಕೆ ತಕ್ಕಂತೆ 46 ವರ್ಣಪಟ್ಟಿ ಮಾಡಿಕೊಂಡಿದ್ದರು. ನಿಮ್ಮ ಕಿರುಚಿತ್ರಕ್ಕೆ ನಾಲ್ಕು ಸಾಕು: ಹಗಲು, ಮುಸ್ಸಂಜೆ, ದೀಪದ ಬೆಳಕು, ಕತ್ತಲು. ಹಗಲಿನ ಬಣ್ಣವನ್ನೇ ಕಪ್ಪು ಮಾಡಿ ರಾತ್ರಿ ಎನ್ನಬೇಡಿ. ಆಕೆಯ ಕೆಂಪು ಮೇಲುಹೊದಿಕೆಯಂಥದು ಬೆಳದಿಂಗಳಲ್ಲಿ ಕಂದು ನೇರಳೆಗೆ ತಿರುಗಬೇಕು. ಸೆಕೆಂಡಿಗೆ 24 ಚೌಕಟ್ಟಿನಂತೆ 82 ನಿಮಿಷದ ಚಿತ್ರಕ್ಕೆ ಸುಮಾರು 1,18,000 ಚೌಕಟ್ಟು ಬೇಕು. ಅಷ್ಟರ ನಡುವೆಯೂ ಅವರು ಇದನ್ನು ಬಿಡಲಿಲ್ಲ.

ಪುಸ್ತಕದಲ್ಲಿ ಹೆಸರು ‘ಫ್ರಿಸ್ಬಿ’, ಚಿತ್ರದಲ್ಲಿ ‘ಬ್ರಿಸ್ಬಿ’. ತಪ್ಪು ಯಾರದು? ಎರಡರಲ್ಲಿ ಯಾವುದು ಮೇಲು? – ಶಿವಮೊಗ್ಗದ ಶಿಕ್ಷಕಿ

ತಪ್ಪಲ್ಲ. ಎಸೆದಾಡುವ ಫ್ರಿಸ್ಬಿ ತಟ್ಟೆ ವ್ಯಾಮ್-ಓ ಕಂಪನಿಯ ನೋಂದಾಯಿತ ಹೆಸರು, ಅದರ ತೊಡಕಿನಿಂದ ಒಂದಕ್ಷರ ಬದಲಾಯಿತು. ಆಗಲೇ ಧ್ವನಿಮುದ್ರಣವಾಗಿದ್ದ ಕೆಲವು ಮಾತುಗಳಲ್ಲಿ ಆ ಶಬ್ದವನ್ನಷ್ಟೇ ಕತ್ತರಿಸಿ ಜೋಡಿಸಬೇಕಾಯಿತು.

ಚಿತ್ರಕ್ಕೆ ಮೂಲವಾದ ರಾಬರ್ಟ್ ಸಿ. ಓಬ್ರಿಯನ್ ಅವರ 1971ರ ಕಾದಂಬರಿ, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆದದ್ದು, ಹೆಚ್ಚು ಗಟ್ಟಿ ಎಂದೇ ನಮ್ಮ ಅಭಿಪ್ರಾಯ. ಅಲ್ಲಿ ಮಾಯೆಯ ಹರಳಿಲ್ಲ. ಇಲಿಗಳು ಬುದ್ಧಿ ಮತ್ತು ದುಡಿಮೆಯಿಂದಲೇ ಮನೆ ಸರಿಸುತ್ತವೆ. ಚಿತ್ರದ ಕೊನೆಯಲ್ಲಿ ಕೆಸರಿಗೆ ಇಳಿಯುತ್ತಿರುವ ಮನೆಯನ್ನು ಹರಳಿನ ಶಕ್ತಿ ಮೇಲೆತ್ತುತ್ತದೆ. ಅಲ್ಲಿಯತನಕ ನೂಲು, ರಾಟೆ, ಹಗ್ಗದ ಲೆಕ್ಕದಲ್ಲಿ ನಡೆದ ಕಥೆ ಅಲ್ಲಿ ಕೈಚೆಲ್ಲುತ್ತದೆ. ಆದರೂ ಜೆರಿ ಗೋಲ್ಡ್‌ಸ್ಮಿತ್‌ರ ಸಂಗೀತ ಮತ್ತು ಸುಟ್ಟುಕೊಂಡರೂ ಹರಳನ್ನು ಬಿಡದ ತಾಯಿಯ ಕೈ ಆ ಕ್ಷಣವನ್ನು ಉಳಿಸಿಕೊಡುತ್ತವೆ. ತರಗತಿಯಲ್ಲಿ ಬಳಸುವುದಾದರೆ ಪುಸ್ತಕ ಮೊದಲು ಓದಿಸಿ, ಆಮೇಲೆ ಚಿತ್ರ ತೋರಿಸಿ.

‘ನಿಮ್ಹ್’ ಅಂದರೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಸಂಬಂಧವೇ? – ತುಮಕೂರಿನ ಓದುಗರು

ಇಲ್ಲ. ಅದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಹೆಸರಿನ ಮೊದಲಕ್ಷರಗಳು. ನಿಮ್ಹಾನ್ಸ್ ಆ ಹೆಸರಿನಲ್ಲಿ ರೂಪುಗೊಂಡದ್ದು 1974ರಲ್ಲಿ, ಕಾದಂಬರಿ ಬಂದ ಮೂರು ವರ್ಷಕ್ಕೆ.

ಆರು ವರ್ಷದ ಮಗಳಿಗೆ ತೋರಿಸಬಹುದೇ? – ದಾವಣಗೆರೆಯಿಂದ ಒಬ್ಬ ತಾಯಿ

ಅಮೆರಿಕದಲ್ಲಿ ಎಲ್ಲ ವಯಸ್ಸಿನವರಿಗೂ ಎಂಬ ‘ಜಿ’ ಪ್ರಮಾಣಪತ್ರ ಸಿಕ್ಕಿತ್ತು. ಆದರೂ ಎಂಟು ತುಂಬಲಿ ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ಸೂಜಿ ಚುಚ್ಚುವ ದೃಶ್ಯ, ಗೂಬೆಯ ಗೂಡು, ಕೊನೆಯ ಕತ್ತಿಕಾಳಗದ ರಕ್ತ – ಈ ಮೂರು ಚಿಕ್ಕವರಿಗೆ ಭಾರ. ಈಗಲೇ ಹಟ ಹಿಡಿದಿದ್ದರೆ ಹಗಲು ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು ತೋರಿಸಿ. ಗೂಬೆಯ ದೃಶ್ಯ ಬರುವ ಮೊದಲು ‘ಇವನು ಆಮೇಲೆ ಸಹಾಯ ಮಾಡ್ತಾನೆ’ ಎಂದು ಹೇಳಿಬಿಡಿ. ಕಥೆಯ ಗುಟ್ಟು ಸ್ವಲ್ಪ ಬಿಟ್ಟುಕೊಟ್ಟಂತಾದರೂ ಪರವಾಗಿಲ್ಲ, ರಾತ್ರಿ ನಿದ್ದೆ ಬರುತ್ತದೆ. ಕಾಗೆ ಜೆರೆಮಿ ದಾರಕ್ಕೆ ಸಿಕ್ಕಿಕೊಂಡು ಒದ್ದಾಡುವ ಭಾಗ ಬಂದಾಗ ಮಾತ್ರ ಅವಳ ಪಾಡಿಗೆ ಬಿಡಿ, ಮನಸಾರೆ ನಗಲಿ.