ತೂಕ ಸರಿ ಇದೆ, ಹೃದಯದ ಸುತ್ತ ಕೊಬ್ಬು ಏಕೆ?

ಪ್ರಶ್ನೆ: ನನಗೆ 44 ವರ್ಷ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎತ್ತರ 5 ಅಡಿ 6 ಇಂಚು, ತೂಕ 64 ಕೆ.ಜಿ. ಈಚೆಗೆ ಎಕೋ ಮಾಡಿಸಿದಾಗ ಹೃದಯ ಮತ್ತು ರಕ್ತನಾಳದ ಸುತ್ತ ಕೊಬ್ಬು ಜಾಸ್ತಿ ಇದೆ ಎಂದರು. ಬ್ಲಾಕ್ ಆಗಿದೆ ಅಂತಾನಾ? ಮುದ್ದೆ ಬಿಡಬೇಕಾ?
– ಓದುಗರು, ಕೋಲಾರ

ಉತ್ತರ: ಗಾಬರಿ ಬೇಡ. ಬ್ಲಾಕ್ ಆಗುವುದು ರಕ್ತನಾಳದ ಒಳಗೆ, ಅದರ ಗೋಡೆಯಲ್ಲಿ. ನಿಮಗೆ ಹೇಳಿರುವ ಕೊಬ್ಬು ಹೊರಗಿನದು. ಬ್ಲಾಕ್ ಇದೆಯೋ ಇಲ್ಲವೋ ಅಂತ ಎಕೋದಲ್ಲಿ ನೇರವಾಗಿ ಕಾಣುವುದೂ ಇಲ್ಲ.

ಈ ಹೊರಗಿನ ಕೊಬ್ಬು ಎಲ್ಲರಿಗೂ ಇರುತ್ತದೆ, ಇರಲೂಬೇಕು. ಪ್ರಯೋಗಾಲಯದಲ್ಲಿ ರಕ್ತನಾಳದ ಮೇಲೆ ಪರೀಕ್ಷೆ ಮಾಡುವವರು ಮೊದಲೆಲ್ಲ ಅದನ್ನು ಕಸ ಅಂತ ಕೆರೆದು ಬಿಸಾಡುತ್ತಿದ್ದರು. 1991ರಲ್ಲಿ ಇಲಿಯ ಮಹಾಧಮನಿಯ ತುಂಡುಗಳ ಮೇಲೆ ಒಂದು ಪ್ರಯೋಗ ನಡೆಯಿತು. ನಾಳ ಬಿಗಿಯಾಗುವಂತೆ ನಾರ್‌ಅಡ್ರಿನಲಿನ್ ಹಾಕಿದಾಗ, ಕೊಬ್ಬು ತೆಗೆದ ತುಂಡಿಗಿಂತ ಕೊಬ್ಬು ಉಳಿಸಿಕೊಂಡ ತುಂಡು ಕಡಿಮೆ ಬಿಗಿಯಾಯಿತು. ಅಂದರೆ ಕೊಬ್ಬು ಸುಮ್ನೆ ಕೂತಿರಲಿಲ್ಲ, ನಾಳವನ್ನು ಸಡಿಲ ಮಾಡುವ ರಾಸಾಯನಿಕ ಬಿಡುತ್ತಿತ್ತು. ಅಡಿಪೊನೆಕ್ಟಿನ್ ಅಂಥದ್ದೊಂದು.

ತೊಂದರೆ ಶುರುವಾಗುವುದು ಅದು ಅತಿಯಾದಾಗ. ಕೊಬ್ಬಿನ ಕಣಗಳು ಊದಿಕೊಂಡು ಅವಕ್ಕೆ ಆಮ್ಲಜನಕ ಸಾಲದಾಗುತ್ತದೆ. ಉರಿಯೂತ ಹುಟ್ಟುತ್ತದೆ. ಅಡಿಪೊನೆಕ್ಟಿನ್ ಇಳಿದು, ಕೆಡುಕು ಮಾಡುವ ರಾಸಾಯನಿಕಗಳು ಏರುತ್ತವೆ. ಕೊಬ್ಬಿಗೂ ನಾಳದ ಗೋಡೆಗೂ ನಡುವೆ ತಡೆಯುವ ಪೊರೆ ಇಲ್ಲ, ನೇರ ಒಳಗಿಳಿಯುತ್ತವೆ. ನಾಳ ಗಡುಸಾಗುತ್ತದೆ, ಬಿಪಿ ಏರುತ್ತದೆ, ಒಳಗಡೆ ಕೊಲೆಸ್ಟರಾಲ್ ಕಟ್ಟಿಕೊಳ್ಳಲು ದಾರಿಯಾಗುತ್ತದೆ. ಉಲ್ಟಾನೂ ನಡೆಯುತ್ತದೆ. ಉರಿಯೂತ ಇರುವ ನಾಳ ತನ್ನ ಸುತ್ತಲಿನ ಕೊಬ್ಬನ್ನೇ ಬದಲಾಯಿಸುತ್ತದೆ. ಅದರಲ್ಲಿ ನೀರಿನಂಶ ಜಾಸ್ತಿಯಾಗುತ್ತದೆ. ಆ ವ್ಯತ್ಯಾಸವನ್ನು ಸಿಟಿ ಸ್ಕ್ಯಾನಿನಲ್ಲಿ ಗುರುತಿಸಬಹುದು ಎಂದು ಆಕ್ಸ್‌ಫರ್ಡ್ ತಂಡ 2017ರಲ್ಲಿ ತೋರಿಸಿತು. ನಿಮಗೆ ಸದ್ಯಕ್ಕೆ ಅದು ಬೇಕಿಲ್ಲ.

ನಿಮಗೆ ಬೇಕಿರುವುದು ಟೈಲರ್ ಟೇಪು. ನಮ್ಮವರಲ್ಲಿ ತೂಕ ಸರಿ ಇದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದು ಮಾಮೂಲಿ. ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ ಅಲ್ವಾ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಜೊತೆಗೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ.

ಮುದ್ದೆ ಬಿಡಬೇಡಿ. ಬಸ್ಸಾರಿನ ಜೊತೆ ಒಂದು ಮುದ್ದೆ ಒಳ್ಳೆಯ ಊಟವೇ. ಅದರ ಮೇಲೆ ತಟ್ಟೆ ತುಂಬಾ ಅನ್ನ ಬೇಡ. ಮಂಡಿಯಲ್ಲಿ ಹೊತ್ತುಹೊತ್ತಿಗೆ ಬರುವ ಸಕ್ಕರೆ ಟೀ, ಬೋಂಡ ಕಡಿಮೆ ಮಾಡಿ. ಬೀಡಿ, ಸಿಗರೇಟು ಇದ್ದರೆ ಪೂರ್ತಿ ಬಿಡಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ತೂಕ ಅಷ್ಟಾಗಿ ಇಳಿಯದಿದ್ದರೂ ವ್ಯಾಯಾಮದಿಂದ ಹೃದಯದ ಸುತ್ತಲಿನ ಕೊಬ್ಬು ಕರಗುತ್ತದೆ.

ಮೊದಲು ಸಮತಟ್ಟು ರಸ್ತೆಯಲ್ಲೇ ನಡೆಯಿರಿ, ಅಂತರಗಂಗೆ ಬೆಟ್ಟದ ಮೆಟ್ಟಿಲು ಆಮೇಲಾಯಿತು. ನಡೆಯುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಇಳಿದರೆ, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.