ಹಗುರವಾದ ಕಿಟ್ ಸ್ಪೋರ್ಟ್ಸ್ ಕಾರಿಗೆ ಮೊದಲು ಮಾಡಬೇಕಾದ ಸುಧಾರಣೆ ಯಾವುದು?

ಗಟ್ಟಿ ಸ್ಪ್ರಿಂಗ್, ದೊಡ್ಡ ಬ್ರೇಕ್, ಅಗಲವಾದ ಟೈರ್, ಕೊನೆಗೆ ಎಂಜಿನ್ನಿನ ಶಕ್ತಿ: ಇತರ ಮಾಲೀಕರು ನಿಮಗೆ ಕೊಟ್ಟಿರುವ ಈ ಪಟ್ಟಿ ಇದೇ ಕ್ರಮದಲ್ಲಿ ನನ್ನ ಕೈಗೂ ಬಂದಿತ್ತು. ನನ್ನದೂ ಬ್ರಿಟನ್ನಿನ ಹಗುರ ಸ್ಪೋರ್ಟ್ಸ್ ಕಾರಾದ ಲೋಟಸ್ ಸೆವೆನ್ ಜಾಡಿನ ಕಾರು; ಉಕ್ಕಿನ ಕೊಳವೆಗಳ ಚಾಸಿ, ಮೇಲೆ ಅಲ್ಯೂಮಿನಿಯಂ ಹಾಳೆ, ಎರಡೇ ಆಸನ, ಬಿಡಿಭಾಗಗಳ ಕಿಟ್ ತಂದು ಜೋಡಿಸಿದವನು ನಾನೇ. ಸಲಹೆ ಕೊಟ್ಟವರೆಲ್ಲ ಅಂಥದೇ ಕಾರುಗಳನ್ನು ವರ್ಷಗಟ್ಟಲೆ ಓಡಿಸಿದವರು ಮತ್ತು ತಮ್ಮ ಅನುಭವವನ್ನೇ ಹೇಳಿದವರು. ಆದರೂ ಪಟ್ಟಿಯ ಮೊದಲ ಎರಡು ಸುಧಾರಣೆಗಳಿಗೆ ನಾನು ಸುರಿದ ಹಣ ನೀರುಪಾಲಾಯಿತು, ಚಕ್ರವನ್ನು ಚಾಸಿಗೆ ಜೋಡಿಸುವ ಮುಂದಿನ ಎಡ ವಿಶ್‌ಬೋನ್ ಬಾಗಿತು, ಅದನ್ನು ಹಿಡಿದಿದ್ದ ಚಾಸಿಯ ಕೊಳವೆಯನ್ನು ಕತ್ತರಿಸಿ ತೆಗೆದು ಹೊಸದನ್ನು ವೆಲ್ಡ್ ಮಾಡಿಸಬೇಕಾಯಿತು. ಇವುಗಳಲ್ಲಿ ಮೊದಲು ಯಾವುದು ಎಂದು ನೀವು ಕೇಳಿದ್ದೀರಿ. ಆ ಪಟ್ಟಿಯಲ್ಲಿರುವ ಯಾವುದೂ ಮೊದಲಿನದಲ್ಲ ಎಂಬುದೇ ನನ್ನ ಉತ್ತರ.

ಕಾರು ಓಡಾಟಕ್ಕೆ ಬಂದ ಹೊಸದರಲ್ಲಿ ಅದನ್ನು ಹಿಂದಿನಿಂದ ನೋಡಿದಾಗ ಎಡ ಮೂಲೆ ಸ್ವಲ್ಪ ತಗ್ಗಿದಂತೆ ಕಂಡಿತು. ಇಂಥ ಕಾರುಗಳಲ್ಲಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತ ಕೂತಿರುತ್ತದೆ. ಅದನ್ನು ಕೆಳಗಿನಿಂದ ತಾಂಗುವ ಥ್ರೆಡ್ ಇರುವ ಬಳೆಯನ್ನು ಕೊಕ್ಕೆಯಾಕಾರದ ಸ್ಪ್ಯಾನರಿನಿಂದ ತಿರುಗಿಸಿದರೆ ಆ ಮೂಲೆ ಏರುತ್ತದೆ ಅಥವಾ ಇಳಿಯುತ್ತದೆ. ನಾನು ಥ್ರೆಡ್ಡಿನಲ್ಲಿ ಕೂತಿದ್ದ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಹಿಂದಿನ ಎಡ ಬಳೆಯನ್ನು ಸುಮಾರು 10 ಮಿಲಿಮೀಟರ್ ಮೇಲಕ್ಕೆ ತಂದೆ. ಕಾರು ಸಮವಾಗಿ ನಿಂತಂತೆ ಕಂಡಿತು. ವಾಸ್ತವದಲ್ಲಿ ಓರೆ ಇದ್ದದ್ದು ನೆಲದಲ್ಲಿ. ತೊಳೆದ ನೀರು ಹರಿದು ಹೋಗಲೆಂದು ಆ ನೆಲವನ್ನು ಒಂದು ಬದಿಗೆ ಇಳಿಜಾರಾಗಿಯೇ ಮಾಡಿದ್ದರು. ಅದೂ ಅಲ್ಲದೆ ಆಗ ಕಾರಿನೊಳಗೆ ಯಾರೂ ಕೂತಿರಲಿಲ್ಲ. ನಾನು ಖಾಲಿ ಕಾರನ್ನು, ಓರೆ ನೆಲದ ಮೇಲೆ, ಬರಿಗಣ್ಣಿನ ಅಂದಾಜಿನಲ್ಲಿ ಸರಿಪಡಿಸಿದ್ದೆ.

ಈ ಒಂದು ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸುತ್ತೇನೆ, ಏಕೆಂದರೆ ಮುಂದಿನ ನಷ್ಟಕ್ಕೆಲ್ಲ ಇದೇ ಮೂಲ. ಒಂದು ಮೂಲೆಯ ಬಳೆಯನ್ನು ಏರಿಸಿದರೆ ಆ ಮೂಲೆ ಮಾತ್ರ ಬದಲಾಗುತ್ತದೆ ಎಂದು ನಾನು ತಿಳಿದಿದ್ದೆ. ಕುಂಟುವ ಮೇಜಿನ ಒಂದು ಕಾಲಿಗೆ ಚೂರು ಹಲಗೆ ಇಟ್ಟಾಗ ಹೇಗೆ ಭಾರವು ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಸರಿಯುತ್ತದೆಯೋ, ಹಾಗೆಯೇ ಹಿಂದಿನ ಎಡ ಮೂಲೆಯನ್ನು ಏರಿಸಿದಾಗ ಹಿಂದಿನ ಎಡ ಮತ್ತು ಮುಂದಿನ ಬಲ ಚಕ್ರಗಳ ಮೇಲೆ ಭಾರ ಹೆಚ್ಚುತ್ತದೆ, ಉಳಿದ ಎರಡರ ಮೇಲೆ ಅಷ್ಟೇ ಕಡಿಮೆಯಾಗುತ್ತದೆ. ಲೆಕ್ಕ ಸರಳವಾಗಿದೆ. ನಾಲ್ಕೂ ಚಕ್ರಗಳ ಬಳಿ ಸ್ಪ್ರಿಂಗಿನ ಬಿಗಿ ಪ್ರತಿ ಮಿಲಿಮೀಟರಿಗೆ 20 ನ್ಯೂಟನ್ ಎಂದಿಟ್ಟುಕೊಂಡರೆ, ಚಕ್ರದ ಬಳಿ 10 ಮಿಲಿಮೀಟರಿನಷ್ಟಾಗುವ ಏರಿಕೆಯು ಪ್ರತಿ ಚಕ್ರದ ಭಾರವನ್ನು 200 ನ್ಯೂಟನ್ನಿನ (20 × 10) ಕಾಲು ಭಾಗದ ಲೆಕ್ಕದಲ್ಲಿ, ಅಂದರೆ 50 ನ್ಯೂಟನ್‌ನಷ್ಟು, ಸುಮಾರು 5 ಕಿಲೋ ಬದಲಿಸುತ್ತದೆ. ಒಂದೂವರೆ ಟನ್ ತೂಗುವ ಕಾರಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಚಾಲಕನೂ ಸೇರಿ 620 ಕಿಲೋ ತೂಗುವ ಕಾರಿನಲ್ಲಿಯೂ ಇಷ್ಟನ್ನು ಹೇಗೋ ಸಹಿಸಬಹುದು.

ಆಮೇಲೆ ನಾನು ಪಟ್ಟಿಯಲ್ಲಿದ್ದಂತೆ ಎರಡರಷ್ಟು ಗಟ್ಟಿಯಾದ ಸ್ಪ್ರಿಂಗ್ ಹಾಕಿ, ಬಳೆಗಳನ್ನು ಹಿಂದೆ ಇದ್ದ ವ್ಯತ್ಯಾಸದಲ್ಲಿಯೇ ಉಳಿಸಿದೆ. ಸ್ಪ್ರಿಂಗು ಗಟ್ಟಿಯಾದಷ್ಟೂ ಅದೇ 10 ಮಿಲಿಮೀಟರಿನ ತಪ್ಪು ಹೆಚ್ಚು ಕಿಲೋಗಳಾಗಿ ಚಕ್ರದ ಮೇಲೆ ಬೀಳುತ್ತದೆ; 5 ಇದ್ದದ್ದು 10 ಆಯಿತು. ಅದರ ಮೇಲೆ ನನ್ನ ಆಸನ ಬಲಗಡೆ ಇದ್ದುದರಿಂದ ನನ್ನ ತೂಕವೂ ಮುಂದಿನ ಎರಡು ಚಕ್ರಗಳಲ್ಲಿ ಬಲಗಡೆಯದನ್ನೇ ಹೆಚ್ಚು ಒತ್ತುತ್ತಿತ್ತು. 80 ಕಿಲೋದ ಚಾಲಕ ಇಂಥ ಕಾರಿನ ಒಟ್ಟು ತೂಕದಲ್ಲಿ ಎಂಟನೆಯ ಒಂದು ಭಾಗಕ್ಕೂ ಹೆಚ್ಚು. ದೊಡ್ಡ ಕಾರಿನಲ್ಲಿ ಚಾಲಕ ಎಲ್ಲಿ ಕೂತರೂ ನಡೆಯುತ್ತದೆ. ಇಲ್ಲಿ ಚಾಲಕನನ್ನೂ ಕಾರಿನ ಒಂದು ಭಾಗವೆಂದೇ ಎಣಿಸಬೇಕು.

ಪರಿಣಾಮ ಮೊದಲು ಕಂಡದ್ದು ಬ್ರೇಕಿನಲ್ಲಿ. ಜೋರಾಗಿ ಒತ್ತಿದಾಗಲೆಲ್ಲ ಮುಂದಿನ ಎಡ ಚಕ್ರ ಮಾತ್ರ ಕಚ್ಚಿಕೊಂಡು ನಿಲ್ಲುತ್ತಿತ್ತು, ಕಾರು ಬಲಕ್ಕೆ ಎಳೆಯುತ್ತಿತ್ತು. ಆ ಟೈರಿನ ಮೇಲೆ ಅಂಗೈಯಗಲದ ಒಂದು ಜಾಗ ಸವೆದು ಚಪ್ಪಟೆಯಾಗಿ, ಅಲ್ಲಿ ತೋಡುಗೆರೆಗಳೆಲ್ಲ ಅಳಿಸಿ ಹೋಗಿ, ನಿಧಾನವಾಗಿ ಓಡಿಸುವಾಗ ಸ್ಟೀರಿಂಗ್ ಒಂದೇ ಲಯದಲ್ಲಿ ಕೈಗೆ ಬಡಿಯುತ್ತಿತ್ತು. ದೋಷ ಬ್ರೇಕಿನದೇ ಎಂದು ನಾನು ತೀರ್ಮಾನಿಸಿದೆ. ಪ್ಯಾಡ್ ಬದಲಿಸಿದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ಸೀಲ್ ಹಾಕಿದೆ, ಪೈಪಿನಲ್ಲಿದ್ದ ಗಾಳಿ ತೆಗೆದೆ, ಕೊನೆಗೆ ದೊಡ್ಡ ಡಿಸ್ಕ್ ಮತ್ತು ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಕೊಂಡು ತಂದೆ. ಭಾರವೇ ಇಲ್ಲದ ಚಕ್ರಕ್ಕೆ ಬಲವಾದ ಬ್ರೇಕ್ ಕೊಟ್ಟರೆ ಅದು ಇನ್ನೂ ಬೇಗ ನಿಲ್ಲುತ್ತದೆ, ಹಾಗೆಯೇ ಆಯಿತು. ಮಳೆ ನಿಂತ ಒದ್ದೆ ರಸ್ತೆಯ ಎಡ ತಿರುವಿಗೆ ಮುಂಚೆ ಬ್ರೇಕ್ ಒತ್ತಿದಾಗ ಎಡ ಚಕ್ರ ಜಾರಿತು, ಕಾರು ತಿರುವಿಗೆ ಒಗ್ಗದೆ ನೇರವಾಗಿ ಹೋಗಿ ರಸ್ತೆ ಬಿಟ್ಟು ಕಲ್ಲಿಗೆ ತಾಗಿತು. ನನಗೆ ಪೆಟ್ಟಾಗಲಿಲ್ಲ.

ಚಾಸಿಯನ್ನು ಸರಿಮಾಡಿದವರು, ಇಂಥ ಕಾರುಗಳನ್ನು ಕಟ್ಟುವುದರಲ್ಲಿ ಕೈ ಪಳಗಿದವರು, ನನ್ನನ್ನು ಆಸನದಲ್ಲಿ ಕೂರಿಸಿ ನಾಲ್ಕು ಚಕ್ರಗಳ ಕೆಳಗೂ ತೂಕದ ಹಲಗೆ ಇಟ್ಟರು. ಮುಂದಿನ ಬಲ 165, ಮುಂದಿನ ಎಡ 126, ಹಿಂದಿನ ಎಡ 166, ಹಿಂದಿನ ಬಲ 163 ಕಿಲೋ. ಹಿಂದಿನ ಎರಡು ಅಂಕಿಗಳನ್ನು ನೋಡಿ: ಹೆಚ್ಚುಕಡಿಮೆ ಸಮ. ಹಿಂಭಾಗವನ್ನು ಮಾತ್ರ ನೋಡುವವರಿಗೆ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ, ಆದರೆ ಮುಂದೆ 39 ಕಿಲೋ ವ್ಯತ್ಯಾಸವಿದೆ. ಮುಂದಿನ ಬಲ ಮತ್ತು ಹಿಂದಿನ ಎಡ ಕೂಡಿದರೆ 331, ಅಂದರೆ ಒಟ್ಟು 620ರಲ್ಲಿ ಶೇಕಡ 53ಕ್ಕೂ ಹೆಚ್ಚು. ಇರಬೇಕಾದದ್ದು 50ರ ಆಸುಪಾಸು. ಹಿಂದಿನ ಎಡ ಬಳೆಯನ್ನು ಇಳಿಸಿದ ಮೇಲೆ ಕ್ರಮವಾಗಿ 155, 136, 156 ಮತ್ತು 173 ಬಂದವು. ಎಡಬಲಗಳು ಸಮನಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಚಾಲಕ ಒಂದು ಬದಿಯಲ್ಲಿ ಕೂರುವ ಕಾರಿನಲ್ಲಿ ಬಲಗಡೆ ಭಾರ ಇದ್ದೇ ಇರುತ್ತದೆ. ಕರ್ಣದ ಪಾಲು, ಅಂದರೆ ಎದುರುಬದುರು ಮೂಲೆಗಳ ಆ ಜೋಡಿಯ ಪಾಲು, ಮಾತ್ರ ಸರಿಹೋಯಿತು, ಅದರೊಂದಿಗೆ ಬ್ರೇಕೂ ಸರಿಹೋಯಿತು. ಒಂದು ಭಾಗವನ್ನೂ ಕೊಳ್ಳಬೇಕಾಗಿ ಬರಲಿಲ್ಲ.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ತೂಕ. ಮಟ್ಟ ನೋಡುವ ಉಪಕರಣದಿಂದ ಅಳೆದು ನಾಲ್ಕು ತೂಕದ ಹಲಗೆಗಳೂ ಒಂದೇ ಎತ್ತರದಲ್ಲಿರುವಂತೆ ತೆಳು ತಗಡು ಕೊಟ್ಟು ಹೊಂದಿಸಿ. ಟೈರಿನ ಗಾಳಿ ಸರಿಮಾಡಿ, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇರಲಿ, ಆಸನದಲ್ಲಿ ನೀವೇ ಕೂರಿ ಅಥವಾ ನಿಮ್ಮ ತೂಕದ ಚೀಲ ಇಡಿ, ಸ್ಟೀರಿಂಗ್ ನೇರವಾಗಿರಲಿ, ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಬೆಸೆಯುವ ಆ್ಯಂಟಿ-ರೋಲ್ ಬಾರಿನ ಒಂದು ಕೊಂಡಿಯನ್ನು ಬಿಚ್ಚಿಡಿ. ಬಳೆ ತಿರುಗಿಸಿದಾಗಲೆಲ್ಲ ಕಾರನ್ನು ಮೇಲೆ ಕೆಳಗೆ ಒತ್ತಿ ಅಲುಗಾಡಿಸಿದ ನಂತರವೇ ಅಂಕಿ ಓದಿ. ಇಲ್ಲವಾದರೆ ಟೈರು ಮತ್ತು ಕೀಲುಗಳಲ್ಲಿರುವ ರಬ್ಬರಿನ ಬುಶ್‌ಗಳ ಬಿಗಿತ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೊದಲು ಎತ್ತರ, ನಂತರ ಕರ್ಣದ ತೂಕ, ಕೊನೆಯಲ್ಲಿ ಟೋ (ಚಕ್ರ ಒಳಗೋ ಹೊರಗೋ ಮುಖ ಮಾಡಿರುವ ಕೋನ) ಮತ್ತು ಕ್ಯಾಂಬರ್ (ಚಕ್ರದ ಮೇಲ್ತುದಿ ವಾಲಿರುವ ಕೋನ). ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ, ಏಕೆಂದರೆ ಎತ್ತರ ಬದಲಾದರೆ ಉಳಿದೆರಡೂ ಬದಲಾಗುತ್ತವೆ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಗಟ್ಟಿ ಸ್ಪ್ರಿಂಗನ್ನು ನಾನು ಸಾಮಾನ್ಯ ರಸ್ತೆಗೆ ಒಪ್ಪುವುದಿಲ್ಲ. ಒಂದು ಮೂಲೆಯ ಸ್ಪ್ರಿಂಗು ಹೊರುವ ಭಾರ 120 ಕಿಲೋ ಎಂದುಕೊಂಡರೆ, ಚಕ್ರದ ಬಳಿ 20 ನ್ಯೂಟನ್ ಬಿಗಿಯಲ್ಲಿ ಕಾರು ಸೆಕೆಂಡಿಗೆ ಸುಮಾರು 2 ಸಲ ಮೇಲೆ ಕೆಳಗೆ ಆಡುತ್ತದೆ, 40ಕ್ಕೆ ಏರಿಸಿದರೆ ಅದು 2.9ಕ್ಕೆ ಹೋಗುತ್ತದೆ. ಮನೆಮಂದಿ ಓಡಾಡುವ ಕಾರುಗಳಲ್ಲಿ ಇದು 1ರಿಂದ 1.5ರ ನಡುವೆ ಇರುತ್ತದೆ. 2.9 ಎಂಬುದು ನಯವಾದ ರೇಸ್ ಟ್ರ್ಯಾಕಿಗೆ ತಕ್ಕದ್ದು. ತೇಪೆ ಹಾಕಿದ ಡಾಂಬರಿನ ಮೇಲೆ ಚಕ್ರ ನೆಲವನ್ನು ಬಿಟ್ಟು ಪುಟಿಯುತ್ತದೆ, ಹಿಡಿತ ಕಡಿಮೆಯಾಗುತ್ತದೆ. ನಿಮಗೆ ಸಲಹೆ ಕೊಟ್ಟವರು ಟ್ರ್ಯಾಕಿನಲ್ಲಿ ಓಡಿಸುವವರೇ ಎಂದು ಕೇಳಿ ತಿಳಿದುಕೊಳ್ಳಿ.

ದೊಡ್ಡ ಬ್ರೇಕಂತೂ ಬೇಡವೇ ಬೇಡ. ಕಿಟ್ ಕಾರಿನ ಬ್ರೇಕುಗಳು ಬಹುಪಾಲು ಅದರ ಎರಡರಷ್ಟು ತೂಗುವ ಕಾರಿನಿಂದ ಬಂದಿರುತ್ತವೆ. ಅದೇ ವೇಗದಿಂದ ನಿಲ್ಲಿಸಲು ಅರ್ಧ ತೂಕಕ್ಕೆ ಅರ್ಧ ಶಾಖವೇ ಹುಟ್ಟುತ್ತದೆ, ಹಾಗಾಗಿ ಅವು ಮೊದಲೇ ಅಗತ್ಯಕ್ಕಿಂತ ದೊಡ್ಡವು. ರೇಸಿನ ಗಟ್ಟಿ ಪ್ಯಾಡ್ ಹಾಕಿದರೆ ಇನ್ನೂ ಕಷ್ಟ. ಅದು ಕಾದ ಮೇಲಷ್ಟೇ ಹಿಡಿಯುತ್ತದೆ, ಹಗುರವಾದ ಕಾರು ರಸ್ತೆಯಲ್ಲಿ ಅದನ್ನು ಕಾಯಿಸುವುದೇ ಇಲ್ಲ. ತಣ್ಣಗಿರುವಾಗಲೂ ಹಿಡಿಯುವ ಮೆತ್ತನೆಯ ಪ್ಯಾಡ್ ಹಾಕಿ, ಅಷ್ಟು ಸಾಕು.

ಟೈರಿನ ವಿಷಯದಲ್ಲಿ ಅಗಲಕ್ಕಿಂತ ಗಾಳಿಯನ್ನು ನೋಡಿ. ಟೈರಿನ ಗೋಡೆ ಇದಕ್ಕಿಂತ ಬಹಳ ಭಾರದ ಕಾರಿಗೆಂದು ಮಾಡಿದ್ದು. ಅದಕ್ಕೆ ಹೇಳಿದ 30 ಪಿಎಸ್‌ಐ ತುಂಬಿದರೆ ನಡುವಿನ ಪಟ್ಟಿ ಮಾತ್ರ ರಸ್ತೆಗೆ ಒತ್ತುತ್ತದೆ. ಈ ಜಾತಿಯ ಕಾರುಗಳನ್ನು 18 ಪಿಎಸ್‌ಐ ಆಸುಪಾಸಿನಲ್ಲಿ ಓಡಿಸುವುದು ವಾಡಿಕೆ. ಅಗಲವಾದ ಚಕ್ರ ಭಾರವನ್ನೂ ಹೆಚ್ಚಿಸುತ್ತದೆ, ಒದ್ದೆಯಲ್ಲಿ ನೀರಿನ ಮೇಲೆ ತೇಲುವ ಅಪಾಯವನ್ನೂ ಹೆಚ್ಚಿಸುತ್ತದೆ.

ಶಕ್ತಿಯ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸುವುದಿಲ್ಲ. 1957ರಲ್ಲಿ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಅವರ ಮೊದಲ ಸೆವೆನ್ ಬಂದದ್ದು 1,172 ಸಿಸಿಯ ಫೋರ್ಡ್ ಎಂಜಿನ್ನಿನೊಂದಿಗೆ, ಸುಮಾರು 40 ಅಶ್ವಶಕ್ತಿಯಲ್ಲಿ. 1973ರಲ್ಲಿ ಅದರ ಹಕ್ಕುಗಳು ಬ್ರಿಟನ್ನಿನ ಇನ್ನೊಂದು ಕಾರು ಕಂಪನಿಯಾದ ಕೇಟರ್‌ಹ್ಯಾಮಿಗೆ ಹೋದವು, ಆ ಆಕಾರ ಇಂದಿಗೂ ಉಳಿದಿದೆ. ಉಳಿದದ್ದು ಎಂಜಿನ್ನಿನ ಬಲದಿಂದಲ್ಲ, ಹಗುರತನದಿಂದ. ತೆರೆದ ಚಕ್ರ, ನೆಟ್ಟಗೆ ನಿಂತ ಗಾಜು, ಹೊರಗೆ ಚಾಚಿದ ದೀಪ ಇರುವ ಈ ಮೈ ಗಾಳಿಯನ್ನು ಬಹಳ ಕೆಟ್ಟದಾಗಿ ಸೀಳುತ್ತದೆ. ಗಾಳಿಯ ತಡೆಯೇ ಮುಖ್ಯವಾಗುವ ವೇಗದಲ್ಲಿ ಶೇಕಡ 10 ಹೆಚ್ಚು ವೇಗ ಬೇಕಾದರೆ ಶೇಕಡ 33 ಹೆಚ್ಚು ಶಕ್ತಿ ಬೇಕು. ಅದೇ 550 ಕಿಲೋ ಮತ್ತು 120 ಅಶ್ವಶಕ್ತಿಯ ಕಾರಿನಿಂದ 25 ಕಿಲೋ ಇಳಿಸಿದರೆ, ವೇಗ ಹೆಚ್ಚಿಸಿಕೊಳ್ಳುವ ಚುರುಕಿನಲ್ಲಿ ಅದು ಸುಮಾರು 6 ಅಶ್ವಶಕ್ತಿಗೆ ಸಮ. ಎಂಜಿನ್ನಿನ ಶಕ್ತಿ ನೇರ ರಸ್ತೆಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ, ಇಳಿಸಿದ ತೂಕ ತಿರುವಿನಲ್ಲಿಯೂ ಬ್ರೇಕಿನಲ್ಲಿಯೂ ಬರುತ್ತದೆ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಎರಡು ಕಡೆ ಮಾಡಿ. ಒಂದು, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನೊಳಗೆ ಆಯಿಲ್ ಒಂದು ಬದಿಗೆ ಓಡದಂತೆ ತಡೆಯುವ ಅಡ್ಡತಗಡು. ಈ ಕಾರು ತಿರುವಿನಲ್ಲಿ ಆ ಎಂಜಿನ್ನನ್ನು ಮಾಡಿದವರು ಎಣಿಸದಷ್ಟು ಬಲವಾಗಿ ತಿರುಗುತ್ತದೆ. ಆಗ ಪಂಪು ಆಯಿಲ್ ಬದಲು ಗಾಳಿ ಎಳೆದರೆ ಬೇರಿಂಗ್ ಕ್ಷಣದಲ್ಲಿ ಹಾಳಾಗುತ್ತದೆ. ಇನ್ನೊಂದು, ಅರ್ತ್ ವೈರು. ಗ್ಲಾಸ್‌ಫೈಬರಿನ ಮೂತಿ ಮತ್ತು ಮಡ್ಗಾರ್ಡುಗಳಲ್ಲಿ ವಿದ್ಯುತ್ ಹರಿಯುವುದಿಲ್ಲ, ಬಣ್ಣ ಬಳಿದ ಚಾಸಿಯ ಮೇಲೆ ಬಿಗಿದ ಬೋಲ್ಟೂ ನಂಬಿಕೆಗೆ ಅರ್ಹವಲ್ಲ. ಪ್ರತಿ ದೀಪಕ್ಕೂ ಬ್ಯಾಟರಿಯ ಋಣ ತುದಿಯವರೆಗೆ ಪ್ರತ್ಯೇಕ ತಂತಿ ಎಳೆದರೆ ಎಷ್ಟೋ ಕಾಣದ ತೊಂದರೆಗಳು ನಿಲ್ಲುತ್ತವೆ.

ತೂಕ ನೋಡುವ ಮೊದಲು ಇನ್ನೊಂದನ್ನು ಪರೀಕ್ಷಿಸಿ. ವಿಶ್‌ಬೋನಿನ ರಬ್ಬರ್ ಬುಶ್‌ಗಳ ಬೋಲ್ಟನ್ನು ಚಕ್ರಗಳು ಜೋತುಬಿದ್ದಿದ್ದಾಗ ಬಿಗಿದಿದ್ದರೆ, ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಇರುತ್ತದೆ ಮತ್ತು ತಾನೇ ಒಂದು ಸ್ಪ್ರಿಂಗಿನಂತೆ ಕಾರನ್ನು ಎತ್ತಿ ಹಿಡಿಯುತ್ತದೆ; ನಿಮ್ಮ ಅಂಕಿಗಳೆಲ್ಲ ಸುಳ್ಳಾಗುತ್ತವೆ, ರಬ್ಬರೂ ಬೇಗ ಹರಿಯುತ್ತದೆ. ಆ ಬೋಲ್ಟುಗಳನ್ನು ಸಡಿಲಿಸಿ, ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ನೀವು ಒಳಗೆ ಕೂತಿರುವಾಗ ಇನ್ನೊಬ್ಬರಿಂದ ಬಿಗಿಸಿ. ನಂತರ ನಾಲ್ಕು ಅಂಕಿಗಳನ್ನು, ಚಾಲಕನ ಆಸನ ಯಾವ ಬದಿಗಿದೆ ಎಂಬುದರೊಂದಿಗೆ, ನಿಮ್ಮ ಪ್ರಶ್ನೆಯ ಕೆಳಗೆ ಬರೆಯಿರಿ; ಯಾವ ಬಳೆಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ. ಕರ್ಣದ ಪಾಲು 49.5 ಮತ್ತು 50.5ರ ನಡುವೆಯೇ ಇದ್ದು, ಆಗಲೂ ಕಾರು ನಿಮಗೆ ಹಿಡಿಸದಿದ್ದರೆ, ಆಗ ಸ್ಪ್ರಿಂಗನ್ನು ಬಿಟ್ಟು ಶಾಕ್ ಅಬ್ಸಾರ್ಬರನ್ನು ಬಿಚ್ಚಿ ನೋಡೋಣ.