ಮಳೆಗಾಲದಲ್ಲಿ ಪ್ರಯೋಗ ಮಾಡಿಸುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಸಣ್ಣ ಶಾಲೆಯಲ್ಲಿ ನಲಿಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳಿಗೆ ಪಾಠ ಮಾಡುತ್ತೇನೆ. ಲ್ಯಾಬ್ ಇಲ್ಲ, ಕಿಟ್ ಇಲ್ಲ. ಜೂನ್ ಬಂದರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಹಾಗೂ ಇಲ್ಲ. ವಿಜ್ಞಾನವನ್ನು ಮಾಡಿ ಕಲಿಸುವುದು ಹೇಗೆ?
— ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ಮಳೆಯಿಂದಲೇ ಶುರು ಮಾಡಿ, ಮಳೆ ಅಳೆಯುವ ಮಾಪಕ ಮಾಡಿಸಿ. ಬದಿ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತದಲ್ವಾ, ಅದು ಮುಳುಗುವಷ್ಟು ನೀರು ಹಾಕಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಸೂರಿನ ನೀರು, ಮರದ ಹನಿ ಬೀಳದ ಕಡೆ ಅಂಗಳದಲ್ಲಿಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಒಬ್ಬೊಬ್ಬ ಮಗು ಓದಿ ಗೋಡೆಯ ಹಾಳೆಯಲ್ಲಿ ಬರೆಯಲಿ, ಆಮೇಲೆ ನೀರನ್ನು ಮತ್ತೆ ಸೊನ್ನೆ ಗೆರೆಗೆ ತನ್ನಿ.

ಒಂದು ವಾರ ಆದ ಮೇಲೆ ಪಕ್ಕದಲ್ಲಿ ಅಗಲ ಬಾಯಿಯ, ನೇರ ಬದಿಯ ಡಬ್ಬ ಇಟ್ಟು ಕೇಳಿ: ಇದರಲ್ಲಿ ನೀರಿನ ಎತ್ತರ ಜಾಸ್ತಿ ಬರುತ್ತಾ? ಹೂಂ ಅನ್ನುವವರೇ ಹೆಚ್ಚು. ಮರುದಿನ ಅಳೆದರೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ! ದಯವಿಟ್ಟು ಆಗ ಕಾರಣ ಹೇಳಬೇಡಿ. ಮಕ್ಕಳು ಜಗಳವಾಡಲಿ, ಇನ್ನೊಂದು ಡಬ್ಬ ತಂದು ನೋಡಲಿ. ಅಗಲ ಬಾಯಿಗೆ ಬಿದ್ದ ಹೆಚ್ಚಿನ ನೀರು ಅಗಲ ತಳದಲ್ಲೇ ಹರಡಿಕೊಂಡಿತು ಅಂತ ಅವರ ಬಾಯಿಂದಲೇ ಬರಬೇಕು, ಅದಕ್ಕೆ ನಾಲ್ಕು ದಿನ ಹಿಡಿದರೂ ಪರವಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಅನ್ನುವುದು ಆಮೇಲೆ ಹೇಳಿ. ಬಿದ್ದ ನೀರೆಲ್ಲ ಇಂಗದೆ, ಹರಿಯದೆ ನಿಂತಿದ್ದರೆ 7 ಮೀಟರ್, ಶಾಲೆಯ ಮಾಡೇ ಮುಳುಗುತ್ತಿತ್ತು ಅಂದಾಗ ಅವರ ಕಣ್ಣು ನೋಡಿ.

ಮಳೆ ಹೊಯ್ಯುವಾಗ ಒಳಗೆ ಮಾಡಲು ಅರಿಶಿನ ಸಾಕು. ಅರಿಶಿನದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪಾಗುವುದು ಆರತಿ ತಟ್ಟೆಯಲ್ಲಿ ಮಕ್ಕಳು ನೋಡಿದ್ದೇ. (ಸುಣ್ಣ ಮಾತ್ರ ನೀವೇ ಹಾಕಿ, ಕಣ್ಣಿಗೆ ಹಾರಿದರೆ ಕಷ್ಟ.) ಅದಕ್ಕೆ ಕಂಚಿಹುಳಿ ಹಿಂಡಿದರೆ ಮತ್ತೆ ಹಳದಿ. ಬಿಳಿ ಕಾಗದಕ್ಕೆ ಅರಿಶಿನ ಹಚ್ಚಿ ಒಣಗಿಸಿ ಪಟ್ಟಿ ಮಾಡಿಕೊಡಿ. ಸೋಪಿನ ನೀರು, ಒಲೆಬೂದಿ ನೀರು, ಮಜ್ಜಿಗೆ ಸಾಲಾಗಿಟ್ಟು, ಅದ್ದುವ ಮೊದಲು ಯಾವ ಬಣ್ಣ ಬರುತ್ತದೆ ಅಂತ ಎಲ್ಲರೂ ಊಹಿಸಲಿ. ಅಂಗಿಗೆ ಸಾರು ಚೆಲ್ಲಿ ಆದ ಹಳದಿ ಕಲೆ ಸೋಪು ಹಚ್ಚಿದಾಗ ಯಾಕೆ ಕೆಂಪಾಯಿತು ಅಂತ ಯಾರಾದರೂ ಒಬ್ಬರು ಖಂಡಿತ ಮನೆಯಿಂದ ಕೇಳಿಕೊಂಡು ಬರುತ್ತಾರೆ. ಅವತ್ತಿನ ಪಾಠ ಆ ಮಗುವೇ ಮಾಡಲಿ.